ಮನೆಯ ಮಾಡಿಗೆ ಸೌರ ವಿದ್ಯುತ್: ಮುಂಗಡ ಕೊಡುವ ಮೊದಲು

ಮನೆಯ ಮೇಲೆ ಸೌರ ಫಲಕ ಕೂರಿಸುವ ಬಗ್ಗೆ ಸದಸ್ಯ ಬಾಂಧವರು ಸಂಘದ ಕಚೇರಿಯಲ್ಲಿ ವಿಚಾರಿಸುತ್ತಿದ್ದಾರೆ. ಕೇಂದ್ರ ಸರ್ಕಾರ 2024ರಲ್ಲಿ ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಇದು ವಾಸದ ಮನೆಯ ಸಂಪರ್ಕಕ್ಕೆ ಮಾತ್ರ. ಪಲ್ಪರ್ ಮನೆಗೂ ಪಂಪ್‌ಸೆಟ್ಟಿಗೂ ಇಲ್ಲ.

ನಾವು ಕಂಡಂತೆ ತೊಡಕು ಬರುವುದು ಹೆಸರಿನಲ್ಲಿ. ಎಷ್ಟೋ ಮನೆಗಳ ಆರ್.ಆರ್. ನಂಬರು ಇಂದಿಗೂ ತೀರಿಹೋದ ತಂದೆಯ, ಕೆಲವೆಡೆ ಅಜ್ಜನ ಹೆಸರಿನಲ್ಲಿದೆ. ಬಿಲ್ಲು ಕಟ್ಟಲು ಅಡ್ಡಿಯಿಲ್ಲ, ಅರ್ಜಿಗೆ ಅಡ್ಡಿ. ಆದ್ದರಿಂದ ಮೊದಲು ಮೆಸ್ಕಾಂ ಅಥವಾ ಸೆಸ್ಕ್ ಕಚೇರಿಯಲ್ಲಿ ಹೆಸರು ಬದಲಾಯಿಸಿಕೊಳ್ಳಿ. ಪಾಲಾಗದ ಆಸ್ತಿಯಾದರೆ ಅಣ್ಣತಮ್ಮಂದಿರ ಒಪ್ಪಿಗೆಗೇ ದಿನ ಹಿಡಿದೀತು.

ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಪೋರ್ಟಲಿನಲ್ಲಿ ಹಾಕಬೇಕು. 10 ಕಿಲೋವಾಟಿನವರೆಗೆ ಪ್ರತ್ಯೇಕ ತಾಂತ್ರಿಕ ಪರಿಶೀಲನೆ ಬೇಕಿಲ್ಲ. ಆದರೆ ಕೂರಿಸುವವರು ನೋಂದಾಯಿತರಿರಬೇಕು. ಫಲಕವೂ ಅದರೊಳಗಿನ ಸೆಲ್ಲುಗಳೂ ದೇಶದಲ್ಲೇ ತಯಾರಾಗಿರಬೇಕು. ವಿದ್ಯುತ್ ಕಂಪನಿಯವರು ಬಂದು ನೋಡಿ, ನೆಟ್ ಮೀಟರ್ ಹಾಕಿ, ಚಾಲನಾ ಪ್ರಮಾಣಪತ್ರ ಕೊಟ್ಟ ಮೇಲೆಯೇ ಹಣ ಖಾತೆಗೆ ಬರುತ್ತದೆ. ಮೊದಲು ಕೂರಿಸೋಣ, ಕಾಗದಪತ್ರ ಆಮೇಲೆ ಎನ್ನುವವರಿಗೆ ಮುಂಗಡ ಕೊಡಬೇಡಿ.

ಮತ್ತೊಂದು ವಿಷಯ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಬ್ಯಾಟರಿಯಿಲ್ಲದ ಈ ವ್ಯವಸ್ಥೆಯೂ ನಿಲ್ಲುತ್ತದೆ. ಇದು ದೋಷವಲ್ಲ; ನಮ್ಮ ಮನೆಯ ಕರೆಂಟು ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಕತ್ತಲೆಗೆ ಹೆದರಿ ಕೂರಿಸುವವರು ಬ್ಯಾಟರಿ ಸಹಿತದ ದರವನ್ನೂ ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.