ರಸಿಕ ಎದ್ದು ಹೋಗುವ ಹೊತ್ತು

1997ರ ಆಗಸ್ಟಿನಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಹಳೆಯ ವಿಜಾಪುರ ಜಿಲ್ಲೆಗೆ ಉಳಿದದ್ದು ಐದೇ ತಾಲ್ಲೂಕು: ವಿಜಾಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ. ಮರುತಿಂಗಳು, ಸೆಪ್ಟೆಂಬರ್ 13ರಂದು, ದೂರದರ್ಶನದಲ್ಲಿ ‘ಶಕ್ತಿಮಾನ್’ ಆರಂಭವಾಯಿತು. ದೊಡ್ಡವರು ಜಿಲ್ಲೆ ಒಡೆದುದರ ಲಾಭ ನಷ್ಟದ ಲೆಕ್ಕದಲ್ಲಿದ್ದರೆ ಮಕ್ಕಳಿಗೆ ಎರಡನೆಯ ಸಂಗತಿಯೇ ದೊಡ್ಡದಾಯಿತು.

ಕೇಬಲ್ಲು ಬಾರದ ಹಳ್ಳಿಗಳಿಗೆ ದೂರದರ್ಶನವೊಂದೇ ಗತಿ. ರವಿವಾರ ಮಧ್ಯಾಹ್ನ ಟಿ.ವಿ. ಇದ್ದವರ ಪಡಸಾಲೆಯಲ್ಲಿ ಇಲ್ಲದವರ ಮಕ್ಕಳೂ ಕೂಡುವುದು ಆ ಕಾಲದ ರೂಢಿ. ಕರೆಂಟು ಹೋದರೆ ಅರ್ಧ ಕಥೆಯನ್ನು ಮಕ್ಕಳೇ ಕಟ್ಟಿಕೊಳ್ಳಬೇಕು. ಹಿಂದಿಯೂ ಅಷ್ಟು ತೊಡಕಾಗಲಿಲ್ಲ. ಆದಿಲಶಾಹಿಯ ಕಾಲದಿಂದ ದಖನಿ ಮಾತು ಕಿವಿಗೆ ಬೀಳುತ್ತಲೇ ಇರುವ ಸೀಮೆ ಇದು. ಕಥೆಯಾದರೂ ಅರ್ಧ ಪುರಾಣ, ಅರ್ಧ ವಿಜ್ಞಾನ. ನಾಯಕನಿಗೆ ಶಕ್ತಿ ಬಂದದ್ದು ಯೋಗಸಾಧನೆಯಿಂದ. ಅವನ ಎದುರಾಳಿಗಳಲ್ಲಿ ಕತ್ತಲೆಯ ದೊರೆ ಕಿಲ್ವಿಷನೂ ಇದ್ದ, ಪ್ರಯೋಗಶಾಲೆಯ ಡಾಕ್ಟರ್ ಜೈಕಾಲನೂ ಇದ್ದ. ರಾಮ ರಾವಣರ ಕಥೆ ಕೇಳಿ ಬೆಳೆದ ಮಕ್ಕಳಿಗೆ ವೈಜ್ಞಾನಿಕ ಕಲ್ಪನೆಯ ರುಚಿ ಹತ್ತಲು ಇದಕ್ಕಿಂತ ಸುಲಭದ ಮೆಟ್ಟಿಲು ಬೇಕಿರಲಿಲ್ಲ. ಮರುವರ್ಷ ಬಂದ ಕೇತನ್ ಮೆಹ್ತಾ ಅವರ ‘ಕ್ಯಾಪ್ಟನ್ ವ್ಯೋಮ್’ ಅಚ್ಚ ಅಂತರಿಕ್ಷದ ಕಥೆ; ಅದು ಈ ಮಟ್ಟದ ಜನಪ್ರಿಯತೆಗೆ ಏರಲಿಲ್ಲ.

‘ಶಕ್ತಿಮಾನ್’ 2005ರ ಮಾರ್ಚಿನವರೆಗೆ ನಡೆಯಿತು. ಆರಂಭದಲ್ಲಿ ಎಂಟು ವರ್ಷದವನಿದ್ದ ಹುಡುಗ ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬಾಗಿಲಲ್ಲಿದ್ದ. ಅವನ ಆಸಕ್ತಿ ಆರಿದ್ದಕ್ಕೆ ಧಾರಾವಾಹಿಯನ್ನು ದೂರಿದರೆ ಅನ್ಯಾಯವಾದೀತು. ಅಂಗಿ ಗಿಡ್ಡವಾದಂತೆ ಕಥೆಯೂ ಗಿಡ್ಡವಾಯಿತು, ಅಷ್ಟೆ.

ಆದರೆ ಎಲ್ಲ ಬೇಸರವನ್ನೂ ವಯಸ್ಸಿನ ತಲೆಗೆ ಕಟ್ಟಲಾಗದು. ಇಪ್ಪತ್ತು ಮೂವತ್ತು ವರ್ಷ ಒಂದೇ ಕಥಾಲೋಕವನ್ನು ನೆಚ್ಚಿಕೊಂಡ ವಯಸ್ಕ ಪ್ರೇಕ್ಷಕರೂ ಒಂದು ದಿನ ಎದ್ದು ಹೋಗುತ್ತಾರೆ. ಅದೂ ಜಗಳವಾಡಿ ಹೋಗುವುದಿಲ್ಲ. ಈ ವಾರ ನೋಡಲಾಗಲಿಲ್ಲ, ಮುಂದಿನ ವಾರ ನೆನಪಾಗಲಿಲ್ಲ. ಮೂರನೆಯ ವಾರ ಅದು ನಡೆದಿದೆಯೋ ನಿಂತಿದೆಯೋ ಎಂಬುದೂ ತಿಳಿಯದು. ಬಯ್ಯುವ ಅಭಿಮಾನಿ ಇನ್ನೂ ಅಭಿಮಾನಿಯೇ. ಗುಣಗಾಣದೆ, ಬಯ್ಯದೆ ಸುಮ್ಮನಾದವನು ಮಾತ್ರ ಕೈತಪ್ಪಿದವನು.

ಹೀಗೇಕಾಗುತ್ತದೆ ಎಂದು ತಿಳಿಯಬೇಕಾದರೆ ಹಳೆಯ ಅಭಿಮಾನಿ ಎಂದರೆ ಯಾರು ಎಂಬುದು ಮೊದಲು ತಿಳಿಯಬೇಕು. ಅದಕ್ಕೆ ಅಮೆರಿಕಕ್ಕೆ ಹೋಗುವ ಅಗತ್ಯವಿಲ್ಲ. ಇಂಡಿ, ಸಿಂದಗಿಯ ಕಡೆಯ ಜಾತ್ರೆಯೊಂದರಲ್ಲಿ ಹರದೇಶಿ ನಾಗೇಶಿ ಮೇಳಗಳು ಎದುರುಬದುರು ನಿಂತಾಗ ಆ ಮನುಷ್ಯ ಮುಂದಿನ ಸಾಲಿನಲ್ಲೇ ಸಿಗುತ್ತಾನೆ.

ಗೀಗೀ ಪದದ ಈ ಎರಡು ಪಕ್ಷಗಳ ವಾದ ಹಳೆಯದು. ಶಿವ ದೊಡ್ಡವನು, ಪುರುಷ ಹೆಚ್ಚು ಎನ್ನುವುದು ಹರದೇಶಿ. ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಎನ್ನುವುದು ನಾಗೇಶಿ. ಮರಾಠಿ ಶಾಹೀರರ ಕಲ್ಗಿ ತುರಾ ಪಕ್ಷಗಳಿಗೆ ಇವು ನೆಂಟರು. ದಪ್ಪು, ತುಂತುಣಿ, ತಾಳ ಇಷ್ಟೇ ಹಿಮ್ಮೇಳ. ಒಂದು ಮೇಳ ಹಾಡಿನಲ್ಲೇ ಸವಾಲು ಎಸೆಯುತ್ತದೆ, ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು. ಪುರಾಣವೊಂದರ ಮೂಲೆಯಲ್ಲಿ ಅಡಗಿದ ಸಂಗತಿಯನ್ನು ಕೆದಕಿ ಕೇಳುವುದು, ಅದಕ್ಕೆ ಇನ್ನೊಂದು ಪುರಾಣದಿಂದ ಉತ್ತರ ತರುವುದು, ನಡುನಡುವೆ ಎದುರಾಳಿಯ ಕಾಲೆಳೆಯುವುದು, ಹೀಗೆ ಬೆಳಗು ಹರಿಯುತ್ತದೆ. ವಾದ ತೀರುವುದಿಲ್ಲ, ತೀರಬಾರದು ಕೂಡ. ತೀರಿಬಿಟ್ಟರೆ ಮುಂದಿನ ಜಾತ್ರೆಗೆ ಹಾಡುವುದೇನು?

ಇಲ್ಲಿ ಕುಳಿತ ರಸಿಕನಿಗೆ ಕಥೆ ಗೊತ್ತು. ಹಾಡುವವರಿಗಿಂತ ಚೆನ್ನಾಗಿ ಗೊತ್ತಿದ್ದರೂ ಆಶ್ಚರ್ಯವಿಲ್ಲ. ಮುಂದೇನಾಯಿತು ಎಂದು ತಿಳಿಯಲು ಅವನು ಬಂದಿಲ್ಲ. ಈ ಸವಾಲಿಗೆ ಈ ಮೇಳ ಏನು ಜವಾಬು ಕೊಟ್ಟೀತು ಎಂದು ನೋಡಲು ಬಂದಿದ್ದಾನೆ. ಜವಾಬು ಹಾರಿಕೆಯದಾದರೆ ಮೊದಲು ಹಿಡಿಯುವವನು ಅವನು, ಸರಿಯಾಗಿ ಕೂತರೆ ಮೊದಲು ತಲೆದೂಗುವವನೂ ಅವನೇ. ಅವನ ತಲೆಯಲ್ಲಿರುವ ನೆನಪೇ ಈ ಆಟದ ತಕ್ಕಡಿ. ಹಾಡುಗಾರನಿಗೆ ಅವನ ಭಯವಿದೆ, ಅವನ ಅಗತ್ಯವೂ ಇದೆ. ಆ ಅಗತ್ಯ ಮುಗಿದ ದಿನ ಅವನು ಟವೆಲ್ಲು ಝಾಡಿಸಿ ಏಳುತ್ತಾನೆ. ಸಿನಿಮಾ ಧಾಟಿ ಬಂದುದಕ್ಕೆ ಹಳಬರು ಮುನಿಸಿಕೊಂಡರು ಎಂಬ ಮಾತು ಅರ್ಧ ಸತ್ಯ ಮಾತ್ರ. ಹೊಸ ಮಟ್ಟುಗಳನ್ನು ಜಾನಪದ ಯಾವಾಗಲೂ ಅರಗಿಸಿಕೊಂಡಿದೆ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಗೀಗೀ ಮೇಳಗಳು ದೇಶಭಕ್ತಿಯನ್ನು ಹಾಡಿದಾಗ ಯಾರೂ ಎದ್ದು ಹೋಗಲಿಲ್ಲ. ಧಾಟಿ ಉಳಿದು ಸವಾಲು ಸಡಿಲಾದಾಗ ತಕ್ಕಡಿ ಹಿಡಿದವನಿಗೆ ಕೆಲಸವಿಲ್ಲದಾಗುತ್ತದೆ.

ಈ ಕಣ್ಣಿನಿಂದ ‘ಸ್ಟಾರ್ ಟ್ರೆಕ್’ನ ಕಥೆಯನ್ನು ನೋಡಬಹುದು. 1966ರಲ್ಲಿ ಅಮೆರಿಕದ ಎನ್‌ಬಿಸಿಯಲ್ಲಿ ಆರಂಭವಾದ ಆ ಅಂತರಿಕ್ಷ ನೌಕೆಯ ಧಾರಾವಾಹಿಯನ್ನು ಎರಡನೆಯ ವರ್ಷಕ್ಕೇ ನಿಲ್ಲಿಸುವ ಸುದ್ದಿ ಹಬ್ಬಿದಾಗ ಪ್ರೇಕ್ಷಕರು ರಾಶಿರಾಶಿ ಪತ್ರ ಬರೆದು ಮೂರನೆಯ ವರ್ಷ ದೊರಕಿಸಿಕೊಟ್ಟರು. 79 ಕಂತಿಗೆ, 1969ರಲ್ಲಿ, ಅದು ನಿಂತೇ ಹೋಯಿತು. ಆದರೂ ಮರುಪ್ರಸಾರಗಳಲ್ಲಿ ಅಭಿಮಾನಿಗಳ ಸಂಖ್ಯೆ ಏರಿ, 1979ರಲ್ಲಿ ಚಲನಚಿತ್ರವಾಗಿ, 1987ರಲ್ಲಿ ಹೊಸ ಧಾರಾವಾಹಿಯಾಗಿ ಮರಳಿತು. ಅಲ್ಲಿಂದ 2005ರವರೆಗೆ, ಹದಿನೆಂಟು ವರ್ಷ, ಒಂದಲ್ಲ ಒಂದು ‘ಸ್ಟಾರ್ ಟ್ರೆಕ್’ ಪರದೆಯ ಮೇಲೆ ಇದ್ದೇ ಇತ್ತು. ಹೊಲಕ್ಕೆ ಬೀಳು ಬಿಡದೆ ವರ್ಷ ವರ್ಷ ಅದೇ ಬೆಳೆ ತೆಗೆದರೆ ಏನಾಗುತ್ತದೆ ಎಂದು ದೋಣಿ ಸಾಲಿನ ರೈತನಿಗೆ ಹೇಳಬೇಕಿಲ್ಲ.

ಆ ಸಾಲಿನ ಕೊನೆಯದಾದ ‘ಎಂಟರ್‌ಪ್ರೈಸ್’ನ ಮೊದಲ ಕಂತನ್ನು 2001ರಲ್ಲಿ ಸುಮಾರು 1 ಕೋಟಿ 25 ಲಕ್ಷ ಜನ ನೋಡಿದ್ದರು. ನಾಲ್ಕನೆಯ ವರ್ಷಕ್ಕೆ ಅದು 30 ಲಕ್ಷದ ಆಸುಪಾಸಿಗೆ ಇಳಿದಿತ್ತು. ವಿಚಿತ್ರವೆಂದರೆ ಅದೇ ನಾಲ್ಕನೆಯ ವರ್ಷದಲ್ಲಿ ನಿರ್ಮಾಪಕರು ಎಚ್ಚೆತ್ತು, ಮೂಲ ಧಾರಾವಾಹಿಯ ಎಳೆಗಳನ್ನು ಹುಡುಕಿ ತಂದು, ಹಳಬರಿಗೆ ಪ್ರಿಯವಾದ ಕಥೆಗಳನ್ನೇ ಹೆಣೆದಿದ್ದರು. ನೋಡಿದವರು ಮೆಚ್ಚಿದರು. ಆದರೆ ಎದ್ದು ಹೋದವರಿಗೆ ಊಟ ರುಚಿಯಾಗಿದೆ ಎಂದು ಹೇಳಿ ಕಳಿಸುವವರು ಯಾರು? ಸಾಲದುದಕ್ಕೆ, 2005ರ ಮೇ ತಿಂಗಳಲ್ಲಿ ಬಂದ ಅಂತಿಮ ಕಂತು ಹಿಂದಿನ ಧಾರಾವಾಹಿಯ ಪಾತ್ರಗಳ ಕಣ್ಣಲ್ಲಿ ನಡೆಯಿತು. ನಾಲ್ಕು ವರ್ಷ ನೆಚ್ಚಿಕೊಂಡ ನಾಯಕರು ತಮ್ಮ ಮನೆಯ ಮದುವೆಯಲ್ಲೇ ಬೀಗರ ಕಡೆಯವರಂತೆ ಕಂಡರು. ಉಳಿದಿದ್ದ ನಿಷ್ಠರಿಗೂ ಇದು ನೋವಾಯಿತು.

ಹಾಗಾದರೆ ಹಳಬರನ್ನೇ ಓಲೈಸಿದರೆ ಸಾಕೇ? ಬ್ರಿಟನ್ನಿನ ಬಿಬಿಸಿಯ ‘ಡಾಕ್ಟರ್ ಹೂ’ ಆ ದಾರಿಯ ಕಷ್ಟವನ್ನು ತೋರಿಸಿತು. 1963ರ ನವೆಂಬರಿನಲ್ಲಿ ಆರಂಭವಾಗಿ, ನಾಯಕನ ನಟರು ಬದಲಾದರೂ ಜಗ್ಗದೆ ನಡೆದ ಈ ಕಾಲಯಾತ್ರೆಯ ಕಥೆ, ಎಂಬತ್ತರ ದಶಕದಲ್ಲಿ ತನ್ನದೇ ಹಳೆಯ ಕಂತುಗಳನ್ನು ಮತ್ತೆ ಮತ್ತೆ ನೆನೆಯತೊಡಗಿತು. ಇಪ್ಪತ್ತು ವರ್ಷದ ಹಿಂದಿನದು ನೆನಪಿದ್ದರೆ ಮಾತ್ರ ಅರ್ಥವಾಗುವ ಕಥೆಗಳು ಬಂದವು. ಹೊಸ ಹುಡುಗನಿಗೆ ಬಾಗಿಲು ಸಿಗಲಿಲ್ಲ. ಹಳಬರೂ ತೃಪ್ತರಾಗಲಿಲ್ಲ, ಬಹಿರಂಗವಾಗಿಯೇ ಬಯ್ದರು. ‘ಕೊರೊನೇಷನ್ ಸ್ಟ್ರೀಟ್’ನಂಥ ಜನಪ್ರಿಯ ಧಾರಾವಾಹಿಯ ಹೊತ್ತಿಗೇ ಇದನ್ನು ಹಾಕಿದ್ದೂ ಪೆಟ್ಟಾಯಿತು. 1989ರಲ್ಲಿ ನಿಂತದ್ದು ಪೂರ್ಣ ರೂಪದಲ್ಲಿ ಮರಳಿದ್ದು 2005ರಲ್ಲಿ. ಸವಾಲು ಕೇಳುವ ಮೇಳ ಬರೀ ಹಿಂದಿನ ಜಾತ್ರೆಯ ಸವಾಲುಗಳನ್ನು ಎಣಿಸುತ್ತ ಕುಳಿತರೆ ಅದೂ ಹಾಡಲ್ಲ.

ಹೋದರೆ ಹೋಗಲಿ, ಹೊಸಬರು ಬರುತ್ತಾರಲ್ಲ ಎಂದು ವ್ಯಾಪಾರದ ಬುದ್ಧಿ ಹೇಳುತ್ತದೆ. ಆದರೆ ಹಳೆಯ ರಸಿಕ ಮಾಡುವ ಇನ್ನೊಂದು ಕೆಲಸ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಬಿಬಿಸಿಯವರು ಅರವತ್ತು ಎಪ್ಪತ್ತರ ದಶಕಗಳಲ್ಲಿ ‘ಡಾಕ್ಟರ್ ಹೂ’ನ ಎಷ್ಟೋ ಟೇಪುಗಳನ್ನು ಅಳಿಸಿ ಮತ್ತೆ ಬಳಸಿಕೊಂಡರು. ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಹೀಗೆ ಕಳೆದುಹೋಯಿತು. ಆದರೆ ಅವುಗಳಲ್ಲಿ ಪ್ರತಿಯೊಂದರ ಧ್ವನಿ ಇಂದಿಗೂ ಉಳಿದಿದೆ. ಮನೆಯ ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಅದನ್ನು ಹಿಡಿದಿಟ್ಟವರು ಅಭಿಮಾನಿಗಳು, ಆಗಿನ್ನೂ ಹುಡುಗರು.

ಇಂಡಿ ಸೀಮೆಯವರಿಗೆ ಈ ಕೆಲಸ ಹೊಸದೇನಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದ ಹಲಸಂಗಿ ಗೆಳೆಯರು ಹಾಡು ಬಲ್ಲವರ ಮುಂದೆ ಕುಳಿತು, ಕೇಳಿ, ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರತಂದರು. ಅವರು ಮೊದಲು ರಸಿಕರು, ಆಮೇಲೆ ಸಂಗ್ರಾಹಕರು. ಲಾವಣಿಕಾರ ಖಾಜಾಭಾಯಿಯ ಊರಿನಲ್ಲಿ ರಸಿಕರಾಗದಿರುವುದೇ ಕಷ್ಟವಿತ್ತೇನೋ.

2020ರ ಏಪ್ರಿಲಿನಲ್ಲಿ, ಲಾಕ್‌ಡೌನ್ ಕಾಲಕ್ಕೆ, ದೂರದರ್ಶನ ‘ಶಕ್ತಿಮಾನ್’ ಅನ್ನು ಮತ್ತೆ ಹಾಕಿತು. 1997ರ ಮಕ್ಕಳು ಅಷ್ಟರಲ್ಲಿ ಮೂವತ್ತು ದಾಟಿದ್ದರು. ಸಂತೋಷದಿಂದ ನೋಡಿದವರಿದ್ದಾರೆ, ಎರಡು ಕಂತಿಗೆ ಸಾಕೆನಿಸಿ, ತಮ್ಮ ಮಕ್ಕಳ ಕೈಗೆ ರಿಮೋಟು ಕೊಟ್ಟವರೂ ಇದ್ದಾರೆ. ಗಂಗಾಧರ ಕನ್ನಡಕ ಏರಿಸಿಕೊಳ್ಳುವ ಪರಿ ಹಾಗೇ ಇತ್ತು. ಪಡಸಾಲೆಯಲ್ಲಿ ಒಟ್ಟಿಗೆ ಕುಳಿತು, ಕರೆಂಟು ಹೋದಾಗ ಉಳಿದ ಕಥೆಯ ಬಗ್ಗೆ ವಾದಿಸಿದವರು ಮಾತ್ರ ಪುಣೆ, ಸೊಲ್ಲಾಪುರ, ಬೆಂಗಳೂರು ಎಂದು ಚದುರಿಹೋಗಿದ್ದರು. ಹರದೇಶಿ ನಾಗೇಶಿ ಪದಗಳು ಈಗ ಮೊಬೈಲಿನಲ್ಲೂ ಸಿಗುತ್ತವೆ. ಅಲ್ಲಿ ಕೇಳುವವನಿಗೆ ತಲೆದೂಗುವ ಅನುಕೂಲವಿದೆ. ಜವಾಬು ಹಾರಿಕೆಯದಾಯಿತು ಎಂದು ಮೇಳವನ್ನು ಅಲ್ಲೇ ತಡೆದು ಕೇಳುವ ಅವಕಾಶವಿಲ್ಲ.