ದೀನಸೇವಕರ ಜೀವನೋಪಾಯ: ಭಾರತ ಸೇವಕ ಸಂಘದ ನಿದರ್ಶನ

ದಾನಧರ್ಮಗಳು ನಮ್ಮ ನಾಡಿಗೆ ಹೊಸವಲ್ಲ; ಆದರೆ ಬಡವರ ಸೇವೆಯನ್ನೇ ಜೀವಮಾನದ ಉದ್ಯೋಗವಾಗಿ ಕೈಕೊಂಡ ಲೌಕಿಕ ಕಾರ್ಯಕರ್ತರ ವರ್ಗವು ಈಚಿನದು. ಗೋಪಾಲಕೃಷ್ಣ ಗೋಖಲೆಯವರು 1905ರ ಜೂನ್ 12ರಂದು ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಂಘವು ಈ ವರ್ಗಕ್ಕೆ ಸ್ಪಷ್ಟ ರೂಪವನ್ನು ಕೊಟ್ಟಿತು. ಸದಸ್ಯನಾಗುವವನು ಐದು ವರ್ಷ ತರಬೇತಿ ಪಡೆಯಬೇಕಾಗಿತ್ತು. ತನಗಾಗಿ ಹಣ ಸಂಪಾದಿಸುವುದಿಲ್ಲವೆಂದೂ, ತನಗೂ ತನ್ನ ಕುಟುಂಬಕ್ಕೂ ಸಂಘವು ಕೊಟ್ಟಷ್ಟರಲ್ಲಿಯೇ ತೃಪ್ತನಾಗಿರುವೆನೆಂದೂ ಪ್ರತಿಜ್ಞೆ ಮಾಡಬೇಕಾಗಿತ್ತು.

ಇದರ ಫಲವೇನೆಂಬುದು ವಿಚಾರಾರ್ಹ. ಮುಂಬಯಿ ನಗರಸಭೆಯಲ್ಲಿ ಇಂಜಿನಿಯರಾಗಿದ್ದ ಅಮೃತಲಾಲ ಠಕ್ಕರ್ ಅವರು ಬೀದಿ ಗುಡಿಸುವವರ ಕೇರಿಗಳ ದುಸ್ಥಿತಿಯನ್ನೂ ಸಾಲದ ಹೊರೆಯನ್ನೂ ಕಣ್ಣಾರೆ ಕಂಡು, 1914ರಲ್ಲಿ ಕೆಲಸವನ್ನು ತ್ಯಜಿಸಿ ಸಂಘವನ್ನು ಸೇರಿದರು. ಮುಂದೆ ಗುಜರಾತಿನ ಪಂಚಮಹಲಿಗೆ ಕ್ಷಾಮಪರಿಹಾರಕ್ಕಾಗಿ ಹೋದವರು, ಕ್ಷಾಮ ತೀರಿದರೂ ಬಡತನ ತೀರದೆಂದು ಅರಿತು, ದಾಹೋದಿನಲ್ಲಿ ಭಿಲ್ ಸೇವಾ ಮಂಡಲವನ್ನು ಸ್ಥಾಪಿಸಿದರು. ಇನ್ನೊಬ್ಬ ಸದಸ್ಯರಾದ ಎನ್. ಎಂ. ಜೋಶಿಯವರು 1911ರಲ್ಲಿ ಮುಂಬಯಿಯಲ್ಲಿ ಸೋಷಿಯಲ್ ಸರ್ವಿಸ್ ಲೀಗನ್ನು ಆರಂಭಿಸಿ, 1920ರ ಹೊತ್ತಿಗೆ ಆಲ್ ಇಂಡಿಯಾ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬರಾದರು. ಬಡವರ ನಡುವೆ ಬಹುಕಾಲ ನಿಂತುದರಿಂದಲೇ ಪರಿಹಾರದ ಕಾರ್ಯವು ಹಕ್ಕಿನ ಕಾರ್ಯವಾಗಿ ಬೆಳೆಯಿತು.

ಆದರೆ ಪ್ರತಿಜ್ಞೆ ಮಾಡಿದವನು ಒಬ್ಬನು; ಅದರ ಭಾರವನ್ನು ಹೊತ್ತವರು ಮನೆಮಂದಿಯೆಲ್ಲ. ಸೇವಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಆ ಲೆಕ್ಕವನ್ನೂ ಸೇರಿಸಬೇಕಾಗಿದೆ.