ಎಲಿಯಟ್ಸ್ ಬೀಚ್‌ನಲ್ಲಿ ಕಾಣುವ ಸೂರ್ಯ ಇನ್ನೂ ಹುಟ್ಟಿರುವುದೇ ಇಲ್ಲ! ಏನಿದು ಬೆಳಕಿನ ಆಟ?

ಚೆನ್ನೈ: ಅಡ್ಯಾರ್‌ಗೆ ಹೊಂದಿಕೊಂಡಿರುವ ಎಲಿಯಟ್ಸ್ ಬೀಚ್‌ನಲ್ಲಿ ಮುಂಜಾನೆ ನಿಂತು, ಸೂರ್ಯ ಆಗಷ್ಟೇ ಸಮುದ್ರದಿಂದ ಪೂರ್ತಿ ಮೇಲೆ ಬಂದ ಎಂದು ನೀವು ಮೊಬೈಲ್ ಎತ್ತುತ್ತೀರಿ. ಅಸಲಿಗೆ ಆ ಕ್ಷಣದಲ್ಲಿ ಸೂರ್ಯ ಇನ್ನೂ ದಿಗಂತದ ಕೆಳಗೇ ಇರುತ್ತಾನೆ. ನಮಗೆ ಸೂರ್ಯೋದಯ ಸುಮಾರು 2 ನಿಮಿಷ ಮೊದಲೇ ಕಾಣುತ್ತದೆ.

ಇದಕ್ಕೆ ಕಾರಣ ಬೆಳಕಿನ ವಕ್ರೀಭವನ. ಮೇಲಿನ ತೆಳು ಗಾಳಿಯಿಂದ ಕೆಳಗಿನ ದಟ್ಟ ಗಾಳಿಗೆ ಬರುವಾಗ ಬೆಳಕು ಸ್ವಲ್ಪ ಸ್ವಲ್ಪವೇ ಬಾಗುತ್ತದೆ. ದಿಗಂತದಲ್ಲಿ ಈ ಬಾಗುವಿಕೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಸೂರ್ಯನ ಬಿಂಬದ ಅಗಲವೂ ಹೆಚ್ಚುಕಡಿಮೆ ಅಷ್ಟೇ.

ಬೆಳಕು ಬಾಗುವುದೇಕೆ?

ಬೆಳಕಿನ ವೇಗ ಎಲ್ಲ ಕಡೆ ಒಂದೇ ಅಲ್ಲ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ., ನೀರಿನಲ್ಲಿ 2.25 ಲಕ್ಷ, ಗಾಜಿನಲ್ಲಿ ಸುಮಾರು 2 ಲಕ್ಷ ಕಿ.ಮೀ. ಕೈ ಕೈ ಹಿಡಿದ ಗೆಳೆಯರ ಸಾಲೊಂದು ಮರಳಿನಿಂದ ಓರೆಯಾಗಿ ನೀರಿಗೆ ಇಳಿಯುತ್ತಿದೆ ಎಂದುಕೊಳ್ಳಿ. ಮೊದಲು ನೀರು ತಲುಪಿದವರ ನಡಿಗೆ ನಿಧಾನವಾಗುತ್ತದೆ, ಉಳಿದವರು ಅದೇ ವೇಗದಲ್ಲಿರುತ್ತಾರೆ. ಹಾಗಾಗಿ ಇಡೀ ಸಾಲೇ ತಿರುಗುತ್ತದೆ. ಬೆಳಕಿನದ್ದೂ ಇದೇ ಕಥೆ. ನೇರವಾಗಿ ಇಳಿದರೆ ಎಲ್ಲರೂ ಒಟ್ಟಿಗೆ ನಿಧಾನವಾಗುತ್ತಾರೆ. ಆಗ ಬಾಗುವ ಪ್ರಶ್ನೆಯೇ ಇಲ್ಲ. ಈ ಬಾಗುವಿಕೆಯ ಲೆಕ್ಕವನ್ನು ಡಚ್ ವಿಜ್ಞಾನಿ ಸ್ನೆಲ್ 1621ರಲ್ಲಿ ಕಂಡುಕೊಂಡಿದ್ದರು.

ತಿಳಿನೀರು ಹೇಳುವ ಸುಳ್ಳು

ಇದು ಬರೀ ಪಠ್ಯಪುಸ್ತಕದ ವಿಷಯವಲ್ಲ, ಜೀವದ ಪ್ರಶ್ನೆಯೂ ಹೌದು. ಎಲಿಯಟ್ಸ್ ಬೀಚ್‌ನಲ್ಲಿರುವ ಶ್ಮಿಟ್ ಸ್ಮಾರಕ, 1930ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ಪ್ರಾಣ ಕಳೆದುಕೊಂಡ ಡೆನ್ಮಾರ್ಕ್‌ನ ನಾವಿಕನ ನೆನಪಿಗಾಗಿ ಕಟ್ಟಿದ್ದು. ಕಡಲಿನಲ್ಲಿ ಅಪಾಯ ಅಲೆ ಮತ್ತು ಸೆಳೆತದ್ದು. ಆದರೆ ನಮ್ಮೂರಿನ ಕಲ್ಯಾಣಿ, ಕಲ್ಲುಕ್ವಾರಿ, ಕೃಷಿ ಹೊಂಡಗಳ ನಿಂತ ತಿಳಿನೀರು ಕಣ್ಣನ್ನೇ ವಂಚಿಸುತ್ತದೆ. ತಳದಿಂದ ಬರುವ ಬೆಳಕು ನೀರು ದಾಟಿ ಗಾಳಿಗೆ ಬರುವಾಗ ಬಾಗುವುದರಿಂದ ತಳ ಮೇಲೆದ್ದಂತೆ ಕಾಣುತ್ತದೆ.

ಮೇಲಿನಿಂದ ನೇರವಾಗಿ ನೋಡಿದರೆ 4 ಅಡಿ ಆಳ 3 ಅಡಿಯಂತೆ, 8 ಅಡಿ ಆಳ 6 ಅಡಿಯಂತೆ ತೋರುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಎದೆಮಟ್ಟ ಎಂದುಕೊಂಡು ಇಳಿದ ಮಕ್ಕಳಿಗೆ ಅದು ತಲೆ ಮುಳುಗುವ ಆಳವಾಗಿರಬಹುದು.

ಹಾಗಾದರೆ ಆಳ ತಿಳಿಯುವುದು ಹೇಗೆ? ದಡದಿಂದಲೇ ಉದ್ದನೆಯ ಕೋಲನ್ನು ತಳ ಮುಟ್ಟುವವರೆಗೆ ನೇರವಾಗಿ ಇಳಿಸಿ. ನೀರಿನೊಳಗೆ ಆ ಕೋಲೂ ಮುರಿದಂತೆ, ಗಿಡ್ಡವಾದಂತೆ ಕಾಣುತ್ತದೆ. ಮೇಲೆತ್ತಿ ಒದ್ದೆಯಾದ ಭಾಗ ಎಷ್ಟಿದೆ ನೋಡಿ. ನಿಜವಾದ ಆಳ ಅದು. ಕೋಲಿಗೆ ತಳ ಸಿಗದಿದ್ದರೆ ಇಳಿಯುವ ಯೋಚನೆಯನ್ನೇ ಬಿಡಿ.